ಮೂರು ಹಾರ್ಡ್ ಡಿಸ್ಕು, ಒಂದು ಊರು

ತುಂಬಿದ್ದನ್ನು ಖಾಲಿ ಮಾಡುವುದರಲ್ಲಿ ನನಗೊಂದು ದುಷ್ಟ ಸಂತೋಷವಿದೆ. ಅಡುಗೆಮನೆಯ ಡಬ್ಬಿಗಳಿರಲಿ, ಬಟ್ಟೆಯ ಕಪಾಟಿರಲಿ, ಒಂದು ಮೂಲೆ ತೆರವಾದರೆ ಆ ದಿನ ನನಗೆ ಊಟ ಒಂದು ತುತ್ತು ಹೆಚ್ಚೇ ಸೇರುತ್ತದೆ. ದಿಲ್‌ಸುಖ್‌ನಗರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಈ ರೋಗ ಬರದಿದ್ದರೇ ಆಶ್ಚರ್ಯ. ಅದು ಕಂಪ್ಯೂಟರಿಗೂ ಹಬ್ಬಿದ್ದು ಮಾತ್ರ ನಮ್ಮವರ ಬೈಪಾಸ್ ಆದ ಮೇಲೆ.

ಜೀಡಿಮೆಟ್ಲಾದ ಔಷಧ ಕಾರ್ಖಾನೆಗೆ ದಿನವೂ ಬಸ್ಸು ಬದಲಿಸಿ ಓಡಾಡುತ್ತಿದ್ದ ಮನುಷ್ಯ ಮೂರು ತಿಂಗಳು ಮನೆಯಲ್ಲಿ ಕೂರಬೇಕಾಯಿತು. ಮೊದಲ ವಾರ ಫ್ಯಾನು ನೋಡಿದರು. ಎರಡನೆಯ ವಾರ ನನ್ನನ್ನು ನೋಡಿ ತಪ್ಪು ಹುಡುಕಿದರು. ಮೂರನೆಯ ವಾರ, ತಡೆಯಲಾರದೆ, ಊರು ಕಟ್ಟುವ ಒಂದು ಗೇಮನ್ನು ನಾನೇ ಹಾಕಿಕೊಟ್ಟೆ. ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದವರು ತೆರೆಯ ಮೇಲೆ ಓಣಿ ಓಣಿ ತಿರುಗತೊಡಗಿದರು. ನೀರಿನ ಟಾಕಿ ಬಂತು, ಸಂತೆ ಮೈದಾನ ಬಂತು, ಬಸ್ ನಿಲ್ದಾಣ ಬಂತು. "ನಿನ್ನೆ ನಲವತ್ತು ಮನಿ ಹೊಸಾವು ಎದ್ದಾವ ನೋಡು" ಎಂದು ಚಹಾದ ಹೊತ್ತಿಗೆ ಹೇಳುವಾಗ ಅವರ ಮುಖಕ್ಕೆ ಹಳೆಯ ಕಳೆ ಮರಳಿರುತ್ತಿತ್ತು. ಆ ಊರಿಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಒಂದು ಗೇಮು ಆರಾಯಿತು, ಒಂದು ಡಿಸ್ಕು ಮೂರಾಯಿತು. ಜಾಗ ಹೊಂದಿಸುವ ಅಧಿಕಾರ ಸಹಜವಾಗಿಯೇ ನನ್ನದು. ದಿನವೂ ಆಡುವಂಥದು ಎಸ್‌ಎಸ್‌ಡಿ ಎಂಬ ಚುರುಕಾದ ಪುಟ್ಟ ಡಿಸ್ಕಿನಲ್ಲಿ, ಒಲೆಯ ಪಕ್ಕದ ಸಾಸಿವೆ ಡಬ್ಬಿಯಂತೆ ಕೈಗೆ ಸಿಗಬೇಕು. ಆಗೀಗ ಆಡುವಂಥದು ದೊಡ್ಡ ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಮುಂದೆಂದೋ ಆಡುತ್ತೇವೆಂಬ ಭ್ರಮೆಯಲ್ಲಿ ಇಟ್ಟುಕೊಂಡವು ಕೇಬಲ್ ಚುಚ್ಚಿ ಜೋಡಿಸುವ ಮೂರನೆಯದರಲ್ಲಿ. ಈ ವ್ಯವಸ್ಥೆಯ ಬಗ್ಗೆ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದ್ದೂ ಉಂಟು.

ದಿನವೂ ಆಡುವಂಥದಾದರೂ ಊರಿನ ಗೇಮು ಮಾತ್ರ, ಮೊದಲು ಹಾಕಿದ್ದು ಅಲ್ಲೇ ಎಂದು, ಹಳೆಯ ಡಿಸ್ಕಿನಲ್ಲೇ ಉಳಿದಿತ್ತು. ಒಂದು ಭಾನುವಾರ ಆ ಡಿಸ್ಕು ಕಟಕಟ ಸದ್ದು ಮಾಡತೊಡಗಿತು. ನಾನು ಸೆರಗು ಸಿಕ್ಕಿಸಿ ನಿಂತೆ. ಗೇಮನ್ನು ಇಡಿಯಾಗಿ ಎಸ್‌ಎಸ್‌ಡಿಗೆ ಸಾಗಿಸಿದೆ. ಅರ್ಧ ದಿನ ಹಿಡಿಯಿತು. ಆಮೇಲೆ ಹಳೆಯದನ್ನು ಫಾರ್ಮ್ಯಾಟ್ ಮಾಡಿ, ಎಂದರೆ ಪೂರ್ತಿ ಅಳಿಸಿ, ಆ ವಿಶಾಲವಾದ ಖಾಲಿತನವನ್ನು ಕಣ್ತುಂಬ ನೋಡಿದೆ. ಸರಿಯಾಗಿದೆಯೇ ಎಂದು ಗೇಮು ತೆರೆದರೆ, ಅದು ಬಹಳ ವಿನಯದಿಂದ ಕೇಳಿತು: ಹೊಸ ಊರು ಶುರು ಮಾಡುತ್ತೀರಾ?

ಗೇಮು ಒಂದು ಕಡೆ ಇರುತ್ತದೆ, ನಾವು ಆಡಿ ಉಳಿಸಿದ್ದು ಇನ್ನೊಂದು ಕಡೆ ಒಂದು ಸಣ್ಣ ಫೋಲ್ಡರಿನಲ್ಲಿ ಇರುತ್ತದೆ. ನನಗಿದು ಗೊತ್ತಿರಲಿಲ್ಲ; ಹಳೆಯ ಡಿಸ್ಕಿನ ಜೊತೆ ಆ ಫೋಲ್ಡರನ್ನೂ ಅಳಿಸಿದ್ದೆ. ನಾಚಿಕೆಯ ಸಂಗತಿಯೆಂದರೆ ನಾನು ಸಸ್ಯಶಾಸ್ತ್ರದ ಮೇಷ್ಟ್ರು. ಆಲೂಗಡ್ಡೆಯ ತೂಕವೆಲ್ಲ ನೀರು ಮತ್ತು ಪಿಷ್ಟ, ಮೊಳಕೆ ಬರುವುದು ಮಾತ್ರ ಮೈಮೇಲಿನ ಆ ಚಿಕ್ಕ ಕಣ್ಣಿನಿಂದ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವಳು. ಪಿಷ್ಟವನ್ನೆಲ್ಲ ಜೋಪಾನವಾಗಿ ಸಾಗಿಸಿ, ಕಣ್ಣನ್ನು ಕೆತ್ತಿ ಎಸೆದಿದ್ದೆ. ಡಿಸ್ಕಿನ ಮುಂದೆ ಕೂತು ಅತ್ತುಬಿಟ್ಟೆ. ಹೋದದ್ದು ಆಟವಲ್ಲ, ಅವರು ಚೇತರಿಸಿಕೊಂಡ ಒಂದೊಂದು ದಿನ.

ಒಳಗೆ ಹೋಗಿ ಹೇಳಿದೆ, "ಊರು ಹೋತ್ರಿ."

"ಯಾವೂರು?"

"ನಿಮ್ಮೂರು."

"ಮಂದಿ?"

"ಮಂದಿನೂ ಹೋದ್ರು."

ತಲೆಯೆತ್ತಿ ಫ್ಯಾನು ನೋಡಿದರು. ಆಮೇಲೆ, "ಇರ್ಲಿ ಬಿಡು, ಕಟ್ಟಿದಾಂವ ಉಳದಾನಲ್ಲ" ಎಂದರು. ಬೈದಿದ್ದರೆ ವಾಸಿಯಿತ್ತು. ರಾತ್ರಿ ಊಟಕ್ಕೆ ಕೂತಾಗ ಅವರಿಗೇ ನೆನಪಾಯಿತು: "ನೀಲಕ್ಕನ ಕಡೆ ಒಂದು ಕಾಪಿ ಐತೇನೋ ಕೇಳು."

ನೀಲಕ್ಕ ಇವರ ಅಕ್ಕ, ಮೆಹದಿಪಟ್ಟಣಂನಲ್ಲಿರುವ ನಿವೃತ್ತ ಗಣಿತದ ಟೀಚರು. ತಮ್ಮನನ್ನು ನೋಡಲು ಬಂದಾಗ ಗೇಮಿನ ರುಚಿ ಹತ್ತಿ ತಾನೂ ಹಾಕಿಸಿಕೊಂಡಿದ್ದಳು. ಹದಿನೈದು ದಿನದ ಹಿಂದೆ ಇವರ ಊರನ್ನು ಪೆನ್ ಡ್ರೈವಿಗೆ ತುಂಬಿಸಿಕೊಂಡೂ ಹೋಗಿದ್ದಳು. ಅಷ್ಟಕ್ಕೆ ಒಂದು ಪೆನ್ ಡ್ರೈವ್ ದಂಡ ಎಂದು ನಾನು ಗೊಣಗಿದ್ದೆ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ತಂದುಕೊಟ್ಟಳು. ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ದೀಪಾವಳಿಗೂ ಅಷ್ಟು ಭಕ್ತಿಯಿಂದ ಮಾಡಿದವಳಲ್ಲ.

ನಮ್ಮ ಕಡೆ ಯಾರ ಡಬ್ಬಿಯನ್ನೂ ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ನೀಲಕ್ಕ ಪೆನ್ ಡ್ರೈವಿಗೂ ಆ ಪದ್ಧತಿ ಬಿಟ್ಟಿರಲಿಲ್ಲ. ಊರು ತೆರೆದರೆ ನಡುವೆ ಒಂದು ದೊಡ್ಡ ಆಸ್ಪತ್ರೆ. ಅಷ್ಟು ದಿನ ಇವರು ಅದೊಂದನ್ನು ಕಟ್ಟಿರಲಿಲ್ಲ. ಜನ ಬೇಡಿಕೆ ಇಟ್ಟರೂ ಕೇಳಿರಲಿಲ್ಲ. ಎದೆ ಸೀಳಿಸಿಕೊಂಡು ಬಂದವರಿಗೆ ತೆರೆಯ ಮೇಲೂ ಅದರ ಮುಖ ನೋಡುವುದು ಬೇಡವಾಗಿತ್ತು.

"ಊರಂದ ಮ್ಯಾಲ ದವಾಖಾನಿ ಬ್ಯಾಡೇನೋ ಬಸು? ನೀ ಇವತ್ತ ಇಲ್ಲಿ ಕುಂತೀ ಅಂದ್ರ ಅದರಿಂದನ" ಎಂದಳು ನೀಲಕ್ಕ.

"ರೋಡ ಇಲ್ಲಲ್ಲ ಅಕ್ಕಾ ಇದಕ್ಕ. ಮಂದಿ ಹೆಂಗ ಬರ್ತಾರ?"

"ರೋಡು ಹಾಕಾಕ ನನಗ ಬರಂಗಿಲ್ಲ. ಅದು ನಿನ್ನ ಕೆಲಸ."

ಇವರು ತೆರೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಕೆಡವಿಬಿಡುತ್ತಾರೆಂದೇ ನಾನು ಅಂದುಕೊಂಡೆ. ಆಮೇಲೆ ಮೌಸು ಹಿಡಿದು, ಸಂತೆಯ ಮೂರು ಅಂಗಡಿ ತೆಗೆದು, ಆಸ್ಪತ್ರೆಯ ಬಾಗಿಲಿಗೆ ಅಗಲವಾದ ರಸ್ತೆಯೊಂದನ್ನು ಎಳೆದರು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಆಂಬುಲೆನ್ಸು ಹೊರಬಿತ್ತು.

ಇವರಿಗೆ ಎದೆನೋವು ಬಂದ ದಿನ, ಆ ಸಂಜೆಯ ಟ್ರಾಫಿಕ್ಕಿನಲ್ಲಿ, ನಮ್ಮ ಆಂಬುಲೆನ್ಸಿಗೆ ಆಟೋದವರು ಫುಟ್‌ಪಾತು ಹತ್ತಿ ದಾರಿ ಬಿಟ್ಟಿದ್ದರು. ಬೈಕಿನವನೊಬ್ಬ ಮುಂದೆ ಮುಂದೆ ಕೂಗುತ್ತ ಹೋಗಿದ್ದ. ಅವರಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ. ಉಪಕಾರ ನೆನೆಯೋಣವೆಂದರೆ ಯಾರ ಮನೆಗೆ ಹೋಗಲಿ? ತೆರೆಯ ಮೇಲೆ ಸಣ್ಣ ಸಣ್ಣ ಕಾರುಗಳು ಪಕ್ಕಕ್ಕೆ ಸರಿದು ನಿಂತವು. ಅವುಗಳಿಗೇ ಕೈಮುಗಿದೆ.