ಬಾಯಲ್ಲಿ ಕಲ್ಲು, ಎದುರಿಗೆ ಕರಡಿ

ಎಪ್ಪತ್ತರ ದಶಕ. ಬಳ್ಳಾರಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಕೌಲ್ ಬಜಾರಿನ ಕಡೆಯ ಒಂದು ಚರ್ಚಿನ ವಯಸ್ಸಾದ ಪಾದ್ರಿಯೊಬ್ಬರು ನನಗೆ ಓದಲು ಹಳೆಯ ಪುಸ್ತಕವೊಂದನ್ನು ಕೊಟ್ಟರು. ಕ್ರಿಸ್ತನ ನಂತರ ಕೆಲವು ಶತಮಾನ ಕಳೆದ ಮೇಲೆ ಊರು ಬಿಟ್ಟು ಈಜಿಪ್ಟಿನ ಮರುಭೂಮಿಯಲ್ಲಿ ಹೋಗಿ ಕೂತ ಸನ್ಯಾಸಿಗಳ ಮಾತುಗಳು ಅದರಲ್ಲಿದ್ದವು. ಲಿಂಗಪೂಜೆ ನೋಡುತ್ತ ಬೆಳೆದವನು ನಾನು. ಆದರೂ ಈ ಮುದುಕರು ನಮ್ಮ ಓಣಿಯವರೇ ಅನ್ನಿಸಿತು. ಬುಟ್ಟಿ ಹೆಣೆಯುತ್ತಾರೆ, ಒಣ ರೊಟ್ಟಿ ತಿನ್ನುತ್ತಾರೆ, ಯಾರಾದರೂ ಉಪದೇಶ ಕೇಳಿದರೆ ಒಂದು ಮಾತು ಹೇಳಿ ಮತ್ತೆ ಬುಟ್ಟಿಗೆ ಕೈ ಹಾಕುತ್ತಾರೆ. ಬಿಸಿಲಿನ ವಿಷಯದಲ್ಲಂತೂ ಅವರು ಬಳ್ಳಾರಿಯವನಿಗೆ ಹೊಸದೇನೂ ಹೇಳಬೇಕಾಗಿರಲಿಲ್ಲ.

ಅವರಲ್ಲೊಬ್ಬ ಮೌನ ಕಲಿಯಲೆಂದು ವರ್ಷಗಟ್ಟಲೆ ಬಾಯಲ್ಲಿ ಕಲ್ಲಿಟ್ಟುಕೊಂಡಿದ್ದನಂತೆ. ಓದಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ತರಗತಿಯಲ್ಲಿ, ಹಾಸ್ಟೆಲಿನಲ್ಲಿ ಬಾಯಿ ಮುಚ್ಚದವನೆಂದು ಹೆಸರಾಗಿದ್ದವನು ನಾನು.

ನನ್ನ ಕೋಣೆಯ ಜೊತೆಗಾರ ಸಿರುಗುಪ್ಪದವನು. ಅವನಿಗೆ ಹೇಳಿದೆ.

"ಲೇ, ನಿನ್ನ ಬಾಯಿಗೆ ಕಲ್ಲು ಸಾಲಂಗಿಲ್ಲ, ಗುಡ್ಡಾನ ಇಡಬೇಕು" ಅಂದ. ಆದರೂ ಮುಂದಿನ ಸಲ ಊರಿಗೆ ಹೋದವನು ಹೊಳೆದಂಡೆಯಿಂದ ಗೋಲಿಗಿಂತ ಚೂರು ದಪ್ಪನೆಯ ಎರಡು ನುಣುಪು ಕಲ್ಲು ತಂದ. ಒಂದು ನನಗೆ, ಒಂದು ಅವನಿಗೆ. ಒಂದು ರಜಾದಿನ ಕುರುಗೋಡಿನ ಗುಡ್ಡ ಹತ್ತಿ, ಗವಿ ಹುಡುಕಿ, ಸಂಜೆಯವರೆಗೆ ಮಾತಿಲ್ಲದೆ ಕೂರುವುದೆಂದು ತೀರ್ಮಾನವಾಯಿತು.

ಕುರುಗೋಡಿನಲ್ಲಿ ನಮ್ಮ ಚಿಗವ್ವನ ಮನೆ. ರೊಟ್ಟಿ, ಪುಂಡಿಪಲ್ಯ ತಿಂದು ಎದ್ದವನೇ ಅವಸರಕ್ಕೆ ಅಲ್ಲೇ ಬಾಯಿಗೆ ಕಲ್ಲು ಹಾಕಿಕೊಂಡೆ.

"ಗುಡ್ಡದಾಗ ಸೀತಾಫಲ ಹಣ್ಣಾಗ್ಯಾವ, ಕರಡಿ ಓಡಾಡ್ತಾವ" ಅಂದಳು ಚಿಗವ್ವ. "ಮಾತಾಡ್ಕೋಂತ, ಚಪ್ಪಾಳಿ ಹೊಡ್ಕೋಂತ ಹೋಗ್ರಿ. ಮಂದಿ ಬರೋದು ಗೊತ್ತಾದ್ರ ತಾನ ಸರದು ಹೋಗ್ತೈತಿ."

ನಾನು ತಲೆಯಾಡಿಸಿದೆ.

"ಇವಗೇನಾತು? ಹಲ್ಲು ನೋವೇನು?"

"ದವಡಿ ನೋವ್ರಿ ಯವ್ವಾ" ಅಂದ ಗೆಳೆಯ. "ಮಾತಾಡಿ ಮಾತಾಡಿ ಸವದೈತಿ."

ಊರು ದಾಟಿದ ಮೇಲೆ ಅವನೂ ಕಲ್ಲು ಬಾಯಿಗೆ ಹಾಕಿಕೊಂಡ. ಕರಡಿ ಇರುವ ಗುಡ್ಡ. ಸದ್ದು ಮಾಡಿ ಅಂತ ಹೇಳಿ ಕಳಿಸಿದ್ದಾರೆ. ಇಬ್ಬರು ಪದವಿ ವಿದ್ಯಾರ್ಥಿಗಳು ಚಪ್ಪಲಿಯ ಸಪ್ಪಳವೂ ಆಗದಂತೆ, ಕೆನ್ನೆ ಉಬ್ಬಿಸಿಕೊಂಡು ಹತ್ತುತ್ತಿದ್ದೇವೆ! ಎಂಥ ಸುಖವಾಗಿತ್ತು ಅಂತೀರಿ. ನನ್ನ ಉಸಿರು ನನಗೇ ಕೇಳುತ್ತಿತ್ತು. ಸಂತನಾಗಲು ಇನ್ನು ಹತ್ತೇ ಹೆಜ್ಜೆ ಅನ್ನಿಸುತ್ತಿತ್ತು.

ಒಂದಕ್ಕೊಂದು ಒರಗಿದ ಎರಡು ಬಂಡೆಗಳ ನಡುವೆ ತಂಪಾದ ಕತ್ತಲು ಕಂಡಿತು. ನಿನ್ನ ಗೂಡಿನಲ್ಲಿ ಸುಮ್ಮನೆ ಕೂತರೆ ಸಾಕು, ಕಲಿಯಬೇಕಾದ್ದನ್ನೆಲ್ಲ ಅದೇ ಕಲಿಸುತ್ತದೆ ಎನ್ನುವುದು ಆ ಮುದುಕರ ನಂಬಿಕೆ. ನಾನು ತಲೆ ಬಗ್ಗಿಸಿ ಒಳಗೆ ಕಾಲಿಟ್ಟೆ. ಒಳಗಿನಿಂದ ಯಾರೋ ಜೋರಾಗಿ ಉಸಿರು ಬಿಟ್ಟರು.

ನಾನು ಹಿಂದಕ್ಕೆ ಬಿದ್ದೆ. ಅದು ಹೊರಗೆ ಬಂದು ಎರಡು ಕಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಗುರುತು, ಮಣ್ಣು ಮೆತ್ತಿದ ಉಗುರು, ಅದರ ನಾತ ಎಲ್ಲ ಒಟ್ಟಿಗೇ ನನ್ನ ಮುಖದ ಮೇಲೆ. ಕೂಗಬೇಕು, ಆದರೆ ಕಲ್ಲು ನಾಲಿಗೆಗೂ ದವಡೆಗೂ ನಡುವೆ ಸಿಕ್ಕಿಕೊಂಡು ಉಗುಳಲೂ ಆಗದು, ನುಂಗಲೂ ಆಗದು.

ಗೆಳೆಯ ಸಾಕಷ್ಟು ಕೆಳಗಿದ್ದ. ಓಡಿದ್ದರೆ ಬಚಾವಾಗುತ್ತಿದ್ದ. ಅವನು ಕಲ್ಲು ಉಗುಳಿ, ಚಪ್ಪಾಳೆ ತಟ್ಟುತ್ತ ಬಸ್ ಸ್ಟ್ಯಾಂಡಿನ ದನಿಯಲ್ಲಿ ಒದರತೊಡಗಿದ.

"ಸಿರುಗುಪ್ಪ! ತೆಕ್ಕಲಕೋಟಿ, ಸಿರುಗುಪ್ಪ! ಸೀಟ್ ಖಾಲಿ ಐತಿ! ಬರ್ರಿ, ಬರ್ರಿ!"

ಕರಡಿ ನನ್ನನ್ನು ಬಿಟ್ಟು ಅವನ ಕಡೆ ತಿರುಗಿತು. ನಾಲ್ಕು ಕಾಲಿಗೆ ಇಳಿದು ಅವನತ್ತ ನಡೆಯಿತು. ಅವನ ಕಾಲು ನಡುಗುವುದು ಮೇಲಿನಿಂದಲೇ ಕಾಣುತ್ತಿತ್ತು, ದನಿ ಮಾತ್ರ ಇಳಿಯಲಿಲ್ಲ. "ಖಾಲಿ ಬಸ್! ಖಾಲಿ ಬಸ್!" ಅದು ನಿಂತಿತು. ಮೂಗಿನಿಂದ ಒಮ್ಮೆ ಬುಸ್ಸೆಂದು, ಈ ಬಸ್ಸು ತನಗೆ ಬೇಡವೆನ್ನುವಂತೆ, ಪಕ್ಕದ ಸೀತಾಫಲದ ಪೊದೆಗಳೊಳಗೆ ಇಳಿದುಹೋಯಿತು.

ಗುಡ್ಡ ಇಳಿಯುವವರೆಗೂ ಅವನು ಒಂದು ಗಳಿಗೆ ಸುಮ್ಮನಿರಲಿಲ್ಲ. ಹೊಳೆ, ಭತ್ತದ ಗದ್ದೆ, ನಮ್ಮ ಇತಿಹಾಸದ ಮೇಷ್ಟ್ರ ಮೀಸೆ, ಸಿಕ್ಕಿದ್ದೆಲ್ಲ ಮಾತಾಡಿದ. ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ; ಸಿಕ್ಕಿಕೊಂಡ ಕಲ್ಲು ಮಾತ್ರ ಹೊರಗೆ ಬರಲಿಲ್ಲ. ಬಳ್ಳಾರಿ ಬಸ್ಸಿನಲ್ಲಿ ಕಂಡಕ್ಟರ್ ಕೈ ಚಾಚಿ "ಎಲ್ಲಿಗ್ರೀ?" ಅಂದಾಗ ಬಾಯಿ ತೆರೆದೆ. ಕಲ್ಲು ಅವನ ಅಂಗೈಗೇ ಬಿತ್ತು.

"ಇದು ನಡಿಯಂಗಿಲ್ರಿ" ಅಂದ ಅವನು. "ರೊಕ್ಕ ಕೊಡ್ರಿ."

"ಕರಡೀನ ಬರ್ರಿ ಬರ್ರಿ ಅಂತ ಕರದ್ಯಲ್ಲಲೇ!" ಅಂದೆ ಗೆಳೆಯನಿಗೆ, ಬಾಯಿ ಬಂದ ಮೇಲಿನ ಮೊದಲ ಮಾತು.

"ಮತ್ತೇನು ಅನಬೇಕಿತ್ತು? ಬಾಯಿಗೆ ಅದ ಬಂತು."

ಪುಸ್ತಕ ಹಿಂತಿರುಗಿಸಲು ಹೋದಾಗ ಪಾದ್ರಿಗಳಿಗೆ ಎಲ್ಲ ಹೇಳಿದೆ. ಅವರು ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನಾನು ಗಮನಿಸದೆ ದಾಟಿದ್ದ ಪುಟಗಳನ್ನು ತೆಗೆದರು. ಕಠಿಣ ಉಪವಾಸದಲ್ಲಿದ್ದ ಅದೇ ಮುದುಕರು, ಬಾಗಿಲಿಗೆ ಅತಿಥಿ ಬಂದರೆ ಉಪವಾಸ ಮುರಿದು ಅವನ ಜೊತೆ ಕೂತು ಉಣ್ಣುತ್ತಿದ್ದರಂತೆ. ಉಪವಾಸ ನಾಳೆಯೂ ಸಿಗುತ್ತದೆ, ಬಂದವನು ಸಿಗುವುದಿಲ್ಲ.

"ನಿನ್ನ ಗೆಳೆಯ ಈ ಪುಸ್ತಕ ಓದ್ಯಾನೇನು?" ಅಂತ ಕೇಳಿದರು.

"ಇಲ್ಲ ಫಾದರ್. ಮುಟ್ಟಿಲ್ಲ."

"ಅವಗ ಬ್ಯಾಡ ಬಿಡು" ಅಂದು ಪುಸ್ತಕವನ್ನು ಮತ್ತೆ ನನ್ನ ಕೈಗೇ ಕೊಟ್ಟರು. "ನೀ ಇನ್ನೊಮ್ಮೆ ಓದು."

ಈಗಲೂ ಆ ಕಪ್ಪು ಮೈ ಆಗಾಗ ನನ್ನೆದುರು ಎದ್ದು ನಿಲ್ಲುತ್ತದೆ. ಅವನು ಕಲ್ಲು ಉಗುಳದೇ ಇದ್ದಿದ್ದರೆ? ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಸಿರುಗುಪ್ಪ, ಸಿರುಗುಪ್ಪ" ಎಂದು ಕೂಗಿದರೆ ಮಾತ್ರ ಇದ್ದಲ್ಲೇ ನಿಂತು ನಗುತ್ತೇನೆ. ಎರಡು ಸಲ ಆ ಬಸ್ಸು ಹತ್ತಿಯೂಬಿಟ್ಟಿದ್ದೇನೆ, ಹೋಗಬೇಕಾದ್ದು ಊರೊಳಗಿನ ಪಾರ್ವತಿನಗರಕ್ಕೆ.