ಗೋಡೆ ಹತ್ತಿದ ಹಂಡೆ

ಠಾಣೆ ನಗರದ ಕೋಪರಿಯ ನಮ್ಮ ಹಳೆಯ ಕಟ್ಟಡದಲ್ಲಿ ಸ್ನಾನಕ್ಕೆ ಬರುವುದು ಬೋರ್‌ವೆಲ್ ನೀರು. ಅದರ ಸುಣ್ಣ ಬಕೆಟ್ಟು, ನಲ್ಲಿ ಯಾವುದನ್ನೂ ಬಿಡುವುದಿಲ್ಲ. ಅಕ್ಕಪಕ್ಕದವರೆಲ್ಲ ಗೀಸರುಗಳನ್ನು ಮತ್ತೆ ಮತ್ತೆ ಬದಲಿಸಿದರು. ನಮ್ಮದು ಮಗಳು ಹುಟ್ಟುವ ಮೊದಲೇ ತಂದದ್ದು. ಈ ಚಳಿಗಾಲದವರೆಗೂ ನಡೆಯಿತು. ನಡೆಸಿದವರು ನನ್ನ ಗಂಡ.

ಅವರೇನೂ ರಿಪೇರಿ ಕಲಿತವರಲ್ಲ, ಬೇಲಾಪುರದ ಒಂದು ಕಚೇರಿಯಲ್ಲಿ ಗುಮಾಸ್ತರು. ಆದರೆ ನಮ್ಮ ಉಡುಪಿಯ ಕಡೆ ನರಕ ಚತುರ್ದಶಿಯ ಹಿಂದಿನ ದಿನ ಬಚ್ಚಲಿನ ಹಂಡೆಯನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿಸಿ, ಕೊರಳಿಗೆ ಬಳ್ಳಿ ಸುತ್ತುತ್ತಾರೆ. ಮರುದಿನದ ಎಣ್ಣೆಸ್ನಾನ ಆ ನೀರಿನಲ್ಲೇ. ಠಾಣೆಗೆ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಹಂಡೆಯಿಲ್ಲದ ಮನೆಯಲ್ಲಿ ಗೀಸರನ್ನೇ ಹಂಡೆ ಮಾಡಿಕೊಂಡರು.

ಪ್ರತಿವರ್ಷ ಆ ದಿನ ರಜೆ ಹಾಕಿ, ಮೇನ್ ಸ್ವಿಚ್ ಆರಿಸಿ, ಸ್ಟೂಲು ಹತ್ತಿ ಗೀಸರಿನ ತಳ ಬಿಚ್ಚುತ್ತಿದ್ದರು. ನೀರಿನ ಜೊತೆ ಸುಣ್ಣದ ಬಿಳಿ ಹೆಕ್ಕಳೆಗಳು ಬಚ್ಚಲ ತುಂಬ ಉದುರುತ್ತಿದ್ದವು. ನೀರು ಕಾಯಿಸುವ ಕಾಯಿಲನ್ನು ಹೊರತೆಗೆದು, ಪುನರ್ಪುಳಿ ಹಣ್ಣಿನ ಒಣಸಿಪ್ಪೆ ಕುದಿಸಿದ ಹುಳಿನೀರಿನಲ್ಲಿ ಮುಳುಗಿಸಿಡುತ್ತಿದ್ದರು.

"ಅಲ್ಲ ಮಾರಾಯ್ರೆ, ಊರಿಂದ ತಂದದ್ದೆಲ್ಲ ಗೀಸರಿಗೇ ಕುಡಿಸಿದ್ರೆ ನಾನು ಸಾರಿಗೆ ಎಂತ ಹಾಕುದು?"

"ನಿನ್ನ ಅಮ್ಮ ಹಂಡೆಗೆ ಹುಳಿ ಹಾಕಿ ತಿಕ್ಕುದಿಲ್ವಾ? ಇದೂ ಹಂಡೆಯೇ. ಗೋಡೆ ಹತ್ತಿ ಕೂತಿದೆ, ಅಷ್ಟೆ."

ಸಂಜೆಯೊಳಗೆ ಹೊಸ ವಾಷರ್ ಕೂರಿಸಿ, ತಳ ಮುಚ್ಚಿ, ನೀರು ತುಂಬಿಸಿ, ಸ್ಟೇಷನ್ ಬಳಿ ಕೊಂಡ ಚೆಂಡುಹೂವಿನ ಮಾಲೆ ಹಾಕಿ ಕೈಮುಗಿಯುತ್ತಿದ್ದರು. ಕೆಳಗಿನ ಮನೆಯವರು ನೋಡಿದರೆ ನಗುತ್ತಾರೆಂದು ನಾನು ಬಚ್ಚಲಿನ ಬಾಗಿಲು ಮುಂದೆ ಮಾಡುತ್ತಿದ್ದೆ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ದೀಪಾವಳಿ ಹತ್ತಿರ ಬಂದಾಗ ಅವರ ಅಣ್ಣನ ಹೆಂಡತಿ ಊರಿನಿಂದ ಫೋನ್ ಮಾಡಿದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ಈ ವರ್ಷ ನಮಗೆ ಹಬ್ಬ ಇಲ್ಲ, ಗೊತ್ತುಂಟಲ್ಲ? ನೀರು ತುಂಬಿಸುದು, ಎಣ್ಣೆ ಹಚ್ಚುದು ಎಂತದೂ ಬೇಡ."

ಗೊತ್ತಿತ್ತು. ಹೊರಗೆ ಪಟಾಕಿ ಹಾರುತ್ತಿದ್ದಾಗ ನಾನು ತಣ್ಣೀರು ಮಿಂದು ಬಂದು ಸುಮ್ಮನೆ ಕುಳಿತೆ. ಗೀಸರು ಬಿಚ್ಚಲು ಅವರು ಹತ್ತುತ್ತಿದ್ದ ಸ್ಟೂಲು ಬಾಲ್ಕನಿಯಲ್ಲೇ ಇತ್ತು.

ಚಳಿ ಬಿದ್ದಾಗ ನೀರು ಉಗುರುಬೆಚ್ಚಗಾಗುವುದೇ ಕಷ್ಟವಾಯಿತು. ಆಮೇಲೆ ಗೀಸರಿನ ಕೆಳಗಿನ ಗೋಡೆ ಒದ್ದೆಯಾಗತೊಡಗಿತು. ನೆರೂಳದ ತನ್ನ ಮನೆಯಿಂದ ಬಂದ ಮಗಳು ಅದನ್ನು ನೋಡಿ, "ಮಮ್ಮಿ, ಛೋಡೋ ನಾ. ನಯಾ ಲೇ ಲೇತೇ ಹೈ" ಎಂದಳು.

"ಹೊಸದು ಬೇಡ. ಬಿಚ್ಚಿ ತೊಳೆದ್ರೆ ಸರಿ ಆಗ್ತದೆ. ಅಪ್ಪ ಮಾಡ್ತಿದ್ರಲ್ಲ."

ಅವರ ಬಟ್ಟೆಗಳನ್ನು ಕೊಟ್ಟಾಗಿತ್ತು. ಮಂಚ ಮಗಳ ಮನೆಗೆ ಹೋಗಿತ್ತು. ಅವರ ಕೈಯ ಕೆಲಸ ಎಂದು ಮನೆಯಲ್ಲಿ ಇನ್ನೂ ನಡೆಯುತ್ತಿದ್ದದ್ದು ಅದೊಂದೇ. ಅದನ್ನು ಉಳಿಸಿಕೊಳ್ಳಬೇಕಿತ್ತು.

ಬಂದ ಮೆಕ್ಯಾನಿಕ್ ತಳ ಬಿಚ್ಚಿ ಬಹಳ ಹೊತ್ತು ಟಾರ್ಚ್ ಹಿಡಿದು ನೋಡಿದ. ವಾಷರ್ ಬಿರಿದು, ನೀರು ಒಳಗೊಳಗೇ ಜಿನುಗಿ, ತೊಟ್ಟಿಯ ತಳವನ್ನು ತಿಂದುಹಾಕಿತ್ತು. ಅವನು ಬೆರಳಿನಿಂದ ಒತ್ತಿದಲ್ಲಿ ಪುಡಿ ಉದುರಿತು.

"ಟಾಂಕಿ ಗಯಾ, ಆಂಟಿ. ಇಸ್ ಸಾಲ್ ಖೋಲಾ ನಹೀ ಕ್ಯಾ?"

ಈ ವರ್ಷ ಬಿಚ್ಚಿರಲಿಲ್ಲ ಎಂದೆ. ದೀಪಾವಳಿಗೆ ಬಿಚ್ಚಿದ್ದರೆ ಉಳಿಯುತ್ತಿತ್ತೇ ಎಂದೂ ಕೇಳಿದೆ.

"ವಾಷರ್ ಬದಲ್ ದೇತೇ ತೋ ಔರ್ ಚಲ್ ಜಾತಾ" ಎಂದವನು, ನನ್ನ ಮುಖ ನೋಡಿ, "ಪುರಾನಾ ಭೀ ಥಾ ನಾ" ಎಂದು ಸೇರಿಸಿದ. ವಾಷರ್ ಬದಲಿಸಿದ್ದರೆ ಇನ್ನೂ ನಡೆಯುತ್ತಿತ್ತು, ಆದರೆ ಹಳೆಯದೂ ಆಗಿತ್ತಲ್ಲ ಎಂದು ಅವನ ಮಾತು.

ಮಗಳು ಆವತ್ತೇ ಹೊಸದನ್ನು ಹಾಕಿಸಿದಳು. ಹಳೆಯದನ್ನು ಇಬ್ಬರು ಹಿಡಿದು ಮೆಟ್ಟಿಲಿಳಿಸಿದರು. ಸಂಜೆ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಹಬ್ಬವಿಲ್ಲವೆಂದು ಬಿಟ್ಟದ್ದಕ್ಕೆ ಹೀಗಾಯಿತು ಎನ್ನುವಾಗ ನನ್ನ ದನಿ ಸ್ವಲ್ಪ ಏರಿರಬೇಕು.

"ಹಬ್ಬ ಬೇಡ ಹೇಳಿದ್ದು ನಾನು, ಹೌದು" ಎಂದರು ಅಕ್ಕ. "ಗೀಸರ್ ತೊಳಿಬೇಡ ಹೇಳಿದ್ದೇನಾ ಮಾರಾಯ್ತಿ?"

ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಅವೆರಡು ಬೇರೆ ಬೇರೆ ಕೆಲಸಗಳೆಂದು ಇಷ್ಟು ವರ್ಷ ನನಗೆ ತೋಚಿಯೇ ಇರಲಿಲ್ಲ. ನನ್ನ ಗಂಡನಿಗಾದರೂ ತೋಚಿತ್ತೋ ಇಲ್ಲವೋ, ಇನ್ನು ಕೇಳುವಂತಿಲ್ಲ.