ಕಣ್ಣು ಮುಚ್ಚಿ ಮನೆ ನೋಡುತ್ತಿದ್ದ ಪದ್ಮಕ್ಕ

ಪದ್ಮಕ್ಕ ಹೊಸ ಮನೆಗೆ ಹೋದಾಗ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೇ ಒಳಗೆ ಕಾಲಿಡುತ್ತಿದ್ದದ್ದು. ಐವತ್ತೆಂಟು ವರ್ಷದ ತೆಳ್ಳನೆಯ ಹೆಂಗಸು ಎರಡೂ ಕೈಗಳನ್ನು ತುಸು ಮುಂದೆ ಚಾಚಿ, ಖಾಲಿ ಕೋಣೆಗಳಲ್ಲಿ ಸದ್ದಿಲ್ಲದೆ ತಿರುಗುವುದನ್ನು ಮನೆಯವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಒಳಗೆ ಹೋಗುವ ಧೈರ್ಯ ಅವರಿಗೂ ಆಗುತ್ತಿರಲಿಲ್ಲ. ಮುಧೋಳದ ಡಾಕ್ಟರೊಬ್ಬರ ಹೆಂಡತಿ ನನ್ನ ತೋಳು ಹಿಡಿದು ಪಿಸುಗುಟ್ಟಿದ್ದರು: "ಮಾಟಾ ಗೀಟಾ ಮಾಡಾಕತ್ತಾರೇನ್ರಿ ಇವ್ರು?"

ಪದ್ಮಕ್ಕ ಮಾಡುತ್ತಿದ್ದದ್ದು ಮನೆ ಒಳಾಂಗಣದ ಕೆಲಸ, ಮತ್ತು ಕುರ್ಚಿ, ಮಂಚ, ಕಪಾಟುಗಳ ವಿನ್ಯಾಸ. ಕೊಲ್ಹಾಪುರದಲ್ಲಿ ಕಲಿತು, ಪುಣೆಯ ದೊಡ್ಡ ಆಫೀಸಿನಲ್ಲಿ ಹನ್ನೆರಡು ವರ್ಷ ದುಡಿದು, ತಿರುಗಿ ಬಂದು ಜಮಖಂಡಿಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆಫೀಸು ತೆರೆದಿದ್ದರು. ನಾನು ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಮಗಳನ್ನು ಸಾಲೆಗೆ ಹಚ್ಚಿದ ಮೇಲೆ ಅಲ್ಲಿ ಸೇರಿದೆ. ಅವರು ಹೇಳಿದ ಅಳತೆಗಳನ್ನು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ನನ್ನ ಕೆಲಸ. ಎಂಟು ವರ್ಷ ಅವರ ಹಿಂದೆ ಟೇಪು ಹಿಡಿದು ತಿರುಗಿದೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆ ಅಧಿಕಾರಿಗಳ ಮನೆಗಳು, ಬನಹಟ್ಟಿಯ ಸೀರೆ ಅಂಗಡಿಗಳು, ಮುಧೋಳದ ದವಾಖಾನೆಗಳು, ಎಷ್ಟೋ.

ಗಿರಾಕಿಗಳು ಮೊಬೈಲ್ ತೆಗೆದು ಯಾವುದೋ ದೇಶದ ಸೋಫಾ ತೋರಿಸಿದರೆ ಪದ್ಮಕ್ಕ ಆ ಕಡೆ ನೋಡುತ್ತಲೇ ಇರಲಿಲ್ಲ. "ಅದು ಫೋಟೋದ ಮನಿ. ನಿಮ್ಮ ಮನ್ಯಾಗ ಯಾರ ಮೊಣಕಾಲು ನೋಯತಾವ, ಅದನ್ನ ಮೊದಲ ಹೇಳ್ರಿ" ಎನ್ನುತ್ತಿದ್ದರು. ಯಾರು ಎಡಗೈಯವರು, ಯಾರು ಊಟಕ್ಕೆ ನೆಲಕ್ಕೇ ಕೂರುತ್ತಾರೆ, ಯಾರು ಸಿಟ್ಟು ಬಂದಾಗ ಎಲ್ಲಿ ಹೋಗಿ ಮಲಗುತ್ತಾರೆ, ಎಲ್ಲ ಕೇಳಿ ಬರೆಸುತ್ತಿದ್ದರು. ಕುರ್ಚಿ ಮಾಡಿಸುವವರನ್ನು ಹಲಗೆಗಳ ರಾಶಿಯ ಮೇಲೆ ಕೂರಿಸಿ, ಅವರ ಪಾದ ನೆಲಕ್ಕೆ ಸರಿಯಾಗಿ ಊರುವ ತನಕ ಒಂದೊಂದೇ ಹಲಗೆ ತೆಗೆಯುವರು. "ಕಾಲು ಊರಿದ್ರ ಮನಷ್ಯಾ ಸುಳ್ಳು ಕಡಿಮಿ ಹೇಳ್ತಾನ" ಎಂದು ನಗುವರು. ನಕ್ಕರೆ ಅವರ ಮುಖ ಹುಡುಗಿಯದಾಗುತ್ತಿತ್ತು.

ಅವರ ಆ ಕಣ್ಣುಮುಚ್ಚಾಟಕ್ಕೆ ನಾನೂ ಮೊದಮೊದಲು ಒಳಗೊಳಗೆ ನಗುತ್ತಿದ್ದೆ. ನಗು ನಿಂತದ್ದು ಬನಹಟ್ಟಿಯಲ್ಲಿ. ಸೀರೆ ವ್ಯಾಪಾರಿಯೊಬ್ಬ ತನ್ನ ಹಳೆಯ ಮನೆಗೆ ಹೊಳೆಯುವ ಟೈಲ್ಸು ಹಾಕಿಸಿ, ಪಡಸಾಲೆಯ ನಡುವೆ ದೊಡ್ಡ ಸೋಫಾ ಬೇಕೆಂದಿದ್ದ. ಪದ್ಮಕ್ಕ ಕಣ್ಣು ಮುಚ್ಚಿ ನಡೆಯುತ್ತ ನಡುವೆ ನಿಂತರು. ಹಿಮ್ಮಡಿಯಿಂದ ಎರಡು ಸಲ ಮೆಲ್ಲಗೆ ಕುಟ್ಟಿದರು.

"ಇಲ್ಲಿ ಕೆಳಗ ಟೊಳ್ಳ ಐತ್ರಿ. ಯಾರೋ ಇಲ್ಲಿ ಭಾಳ ದಿನ ಕುಂತಾರ" ಅಂದರು.

ವ್ಯಾಪಾರಿಯ ಮುಖ ಬಿಳಿಚಿತು. ಅಲ್ಲಿ ಅವನ ತಾಯಿಯ ಮಗ್ಗದ ಕುಣಿ ಇತ್ತಂತೆ. ಆಕೆ ಅದರಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ಸೀರೆ ನೇಯ್ದಿದ್ದಳು. ಆಕೆ ಸತ್ತ ಮೇಲೆ ಮಣ್ಣು ತುಂಬಿ ಮುಚ್ಚಿದ್ದರು. ಮಣ್ಣು ಕುಸಿದು ಟೊಳ್ಳಾಗಿರಬೇಕು, ಹೆಜ್ಜೆಯ ಸದ್ದು ಬೇರೆ ಕೇಳಿರಬೇಕು ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಆದರೆ ಯಾರೋ ಕುಂತಾರ ಅಂದದ್ದು ಹೇಗೆ? ಕೇಳಿದ್ದಕ್ಕೆ ಪದ್ಮಕ್ಕ, "ಗೊತ್ತಿಲ್ಲ ಬೇ ರೇಣುಕಾ. ಕಾಲಿಗೆ ತಿಳೀತು" ಎಂದರು. ಸೋಫಾ ಗೋಡೆ ಬದಿಗೆ ಹೋಯಿತು. ನಡುವಿನ ಜಾಗ ಬಯಲಾಗಿಯೇ ಉಳಿಯಿತು.

ಇನ್ನೊಂದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದು ಬೀಳಗಿ ಕಡೆಯದು. ಬಸವರಾಜ ಎನ್ನುವವರ ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಪುನರ್ವಸತಿ ಕೇಂದ್ರದಲ್ಲಿ ಹೊಸದಾಗಿ ಎರಡಂತಸ್ತಿನ ಮನೆ ಕಟ್ಟಿಸಿ, ಒಳಗಿನ ಕೆಲಸಕ್ಕೆ ನಮ್ಮನ್ನು ಕರೆದಿದ್ದರು. ಹೋದರೆ ಅವರಿಗೆ ಕಪಾಟಿನ ಚಿಂತೆಯೇ ಇರಲಿಲ್ಲ. ಅವರ ತಂದೆ ಮಲ್ಲಪ್ಪಜ್ಜನಿಗೆ ಎಂಬತ್ತೈದು ದಾಟಿತ್ತು. ಒಂದು ವರ್ಷದಿಂದ ಮರೆವು. ಮಧ್ಯಾಹ್ನ ಮಲಗಿ ಎದ್ದವನೇ ನಡೆದು ಹೋಗಿ ಗೋಡೆಗೆ ಹಾಯುತ್ತಿದ್ದ. ಹಣೆಯ ಮೇಲೆ ಮೂರು ಕಡೆ ಹೊಲಿಗೆ ಬಿದ್ದಿದ್ದವು.

"ಅಪ್ಪನ್ನ ಮಂಚಕ್ಕ ಕಟ್ಟಬೇಕಂತಾರ್ರಿ ಡಾಕ್ಟರು," ಬಸವರಾಜ ತಲೆ ತಗ್ಗಿಸಿ ಹೇಳಿದರು. "ಹೆತ್ತ ಅಪ್ಪನ್ನ ಹೆಂಗ ಕಟ್ಟೂದ್ರಿ?"

ಅವರ ಹೆಂಡತಿ ಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಒಳಗೆ ಅಜ್ಜ ಎದ್ದ. ಮಂಚದಿಂದ ಇಳಿದು ಏಳು ಹೆಜ್ಜೆ ನೆಟ್ಟಗೆ ಬಂದ. ಬಲಕ್ಕೆ ಹೊರಳಿದ. ಅಗಳಿ ಸರಿಸುವವನಂತೆ ಕೈ ಎತ್ತಿದ. ಇಲ್ಲದ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ ಮುಂದೆ ಹೆಜ್ಜೆ ಇಟ್ಟ. ಹೊಸ ಗೋಡೆಗೆ ಅವನ ಹಣೆ ತಾಗುವ ಮೊದಲು ಪದ್ಮಕ್ಕ ನಡುವೆ ತಮ್ಮ ಅಂಗೈ ಇಟ್ಟರು.

"ಅಜ್ಜಾರು ದಾರಿ ತಪ್ಪಿಲ್ರಿ," ಅಂದರು. "ನಾವ ಗ್ವಾಡಿ ತಪ್ಪು ಕಟ್ಟೇವಿ."

ಮರುದಿನದಿಂದ ನಾಲ್ಕು ಮಧ್ಯಾಹ್ನ ಅಜ್ಜನನ್ನು ಮನೆಯ ಹಿಂದಿನ ಬಯಲಿಗೆ ಕರೆತಂದು, ಬೇವಿನ ಗಿಡದ ಕೆಳಗೆ ಮಂಚ ಹಾಕಿ ಮಲಗಿಸಿದೆವು. ಅಲ್ಲಿ ಹಾಯಲು ಗೋಡೆಗಳಿರಲಿಲ್ಲ. ಎದ್ದ ಅಜ್ಜ ಬಯಲಿನಲ್ಲೇ ಮನೆ ತುಂಬ ಓಡಾಡಿದ. ಬಾಗಿಲು ತೆರೆದ, ಮೆಟ್ಟಿಲು ಇಳಿದ, ಇಲ್ಲದ ಎತ್ತಿನ ಬೆನ್ನು ಚಪ್ಪರಿಸಿದ, ದೇವರ ಜಗಲಿಗೆ ಕೈ ಮುಗಿದ. ಪದ್ಮಕ್ಕ ಸುಣ್ಣದ ಪುಡಿ ಹಿಡಿದು ಅವನ ಹಿಂದೆ ನಡೆಯುತ್ತ ಗೆರೆ ಹಾಕಿದರು. ನಾಲ್ಕು ದಿನವೂ ಹೆಜ್ಜೆಗಳು ಅದೇ ಗೆರೆಯ ಮೇಲೆ ಬಿದ್ದವು, ಒಂದು ಬೆರಳೂ ಆಚೀಚೆ ಇಲ್ಲ. ಬಿಸಿಲಿನಲ್ಲಿ ಆ ಬಿಳಿ ಗೆರೆಗಳ ನಡುವೆ ಒಬ್ಬನೇ ಮುದುಕ ಮನೆತನ ಮಾಡುವುದನ್ನು ನೋಡುತ್ತ ನಿಂತಾಗ, ನನ್ನ ಕಾಲುಗಳೂ ಗೊತ್ತಿಲ್ಲದೆ ಆ ಗೆರೆಗಳನ್ನು ದಾಟುವುದಕ್ಕೆ ಅಂಜಿದವು.

ಜಮಖಂಡಿಗೆ ಬಂದು ಅದನ್ನೆಲ್ಲ ನಕ್ಷೆ ಮಾಡಿದೆ. ಬಸವರಾಜ ಆಫೀಸಿಗೆ ಬಂದು ಅದನ್ನು ಕಂಪ್ಯೂಟರಿನಲ್ಲಿ ನೋಡಿದರು.

"ಇದು ನಮ್ಮ ಮುಳುಗಿದ ಮನಿರಿ! ಪಡಸಾಲಿ, ದನ ಕಟ್ಟು ಜಾಗಾ, ಅಡಗಿಮನಿ, ಎಲ್ಲಾ ಹಂಗ ಐತಿ." ಆಮೇಲೆ ಅಡಿಗೆಮನೆಯ ಹಿಂದೆ ನಾನು ಬಿಡಿಸಿದ್ದ ಸಣ್ಣ ಕೋಣೆಯ ಮೇಲೆ ಬೆರಳಿಟ್ಟರು. "ಇದೊಂದು ತಪ್ಪೈತ್ರಿ. ಇಲ್ಲಿ ಕೋಣಿ ಇರಲಿಲ್ಲ. ಬರೇ ಗ್ವಾಡಿ ಇತ್ತು."

ಆದರೆ ಅಜ್ಜ ನಾಲ್ಕೂ ದಿನ ಅಲ್ಲಿಗೆ ಹೋಗಿದ್ದ. ಬಗ್ಗಿ ಒಳಗೆ ಕಾಲಿಟ್ಟು, ಕುಕ್ಕರಗಾಲಿನಲ್ಲಿ ಕೂತು, "ನೀರ ಬೇಕೇನ?" ಎಂದು ಕೇಳಿ, ಸ್ವಲ್ಪ ಹೊತ್ತು ಕಾದು, ಎದ್ದು ಬಂದಿದ್ದ. ಹಣೆ ಒಡೆದುಕೊಳ್ಳುತ್ತಿದ್ದದ್ದೂ ಅಲ್ಲಿಗೆ ಹೋಗುವ ದಾರಿಯಲ್ಲಿಯೇ.

ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ತಳಪಾಯಗಳು ಮೇಲೆ ಬರುತ್ತವೆ. ಪದ್ಮಕ್ಕ ನೋಡಲೇಬೇಕೆಂದು ಹಟ ಹಿಡಿದರು. ಬಸವರಾಜರ ಜೀಪಿನಲ್ಲಿ ಹೋದೆವು. ಬಿರಿದ ಕೆಸರು, ಖಾಲಿ ಕಪ್ಪೆಚಿಪ್ಪುಗಳು, ಮೊಣಕಾಲೆತ್ತರದ ಕಲ್ಲಿನ ಸಾಲುಗಳು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ತಮ್ಮ ಮನೆಯ ಜಾಗ ಹುಡುಕಲು ಬಸವರಾಜರಿಗೆ ಅರ್ಧ ತಾಸು ಹಿಡಿಯಿತು. ನಾನು ನಕ್ಷೆ ಬಿಚ್ಚಿ ಟೇಪು ಹಿಡಿದೆ. ಒಂದೊಂದೇ ಗೋಡೆ ತಾಳೆಯಾಯಿತು. ಅಡಿಗೆಮನೆಯ ಹಿಂದೆ, ಗೋಡೆ ಮಾತ್ರ ಇತ್ತೆಂದ ಕಡೆ, ಐದಡಿ ಅಗಲ ಆರಡಿ ಉದ್ದದ ಕೋಣೆಯ ಬುನಾದಿ ಇತ್ತು. ಅದಕ್ಕೆ ಒಂದು ಕಾಲಕ್ಕೆ ಬಾಗಿಲಿದ್ದ ಜಾಗವನ್ನು ಬೇರೆ ಬಣ್ಣದ ಕಲ್ಲುಗಳಿಂದ ಮುಚ್ಚಿದ್ದು ಎದ್ದು ಕಾಣುತ್ತಿತ್ತು.

ಬಸವರಾಜ ಅಲ್ಲಿಂದಲೇ ರಬಕವಿಯಲ್ಲಿದ್ದ ತಮ್ಮ ಸೋದರತ್ತೆಗೆ ಫೋನು ಹಚ್ಚಿದರು. ದನಿ ಎಲ್ಲರಿಗೂ ಕೇಳುವಂತೆ ಮಾಡಿದರು. ಆ ಮುಚ್ಚಿದ ಬಾಗಿಲಿನ ಬಗ್ಗೆ ಕೇಳಿದರು.

"ಅತ್ತಿ, ಕೇಳಸ್ತೈತೇನ?"

"ಕೇಳಸ್ತೈತಿ ತಮ್ಮಾ. ನಿಮ್ಮವ್ವನ್ನ ಮಾಡಿಕೊಳ್ಳೂಕಿಂತ ಮೊದಲ ನಿಮ್ಮಪ್ಪಗ ಇನ್ನೊಬ್ಬಾಕಿ ಇದ್ಲು. ನೀಲವ್ವ ಅಂತ. ಬಾಣಂತಿ ಇದ್ದಾಗ ಆ ಕೋಣ್ಯಾಗ ತೀರಕೊಂಡ್ಲು. ಜ್ವರಾ ಬಂದಿತ್ತು, ಹಿರೇರು ನೀರ ಕೊಡಬ್ಯಾಡ ಅಂದಿದ್ರು. ನೀರ ಬೇಡಿ ಬೇಡಿ ಸತ್ಲು. ಆಮ್ಯಾಲ ಬಾಗಲಾ ಮುಚ್ಚಿಬಿಟ್ರು. ಮಾತ ತಗೀಬಾರದಂತ ಆಣಿ ಮಾಡಿಸಿದ್ರು."

ಬಸವರಾಜ ಜೀಪಿನ ಕಡೆ ನಡೆದುಬಿಟ್ಟರು. ಪದ್ಮಕ್ಕ ಆ ಬುನಾದಿಯ ಕಲ್ಲಿನ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಎಂಟು ವರ್ಷದಲ್ಲಿ ಹೇಳದಿದ್ದ ಮಾತನ್ನು ಅವರು ಹೇಳಿದ್ದು ಆಗ.

"ನಮ್ಮವ್ವಗ ಕಣ್ಣ ಇರಲಿಲ್ಲ ರೇಣುಕಾ. ಮೂವತ್ತಕ್ಕ ಹೋಗಿದ್ವು. ಆದ್ರ ಮನ್ಯಾಗ ನೋಡಿದವರಿಗೆ ಕುರುಡಿ ಅಂತ ತಿಳೀತಿರಲಿಲ್ಲ. ಮಂಚ ಎಲ್ಲೈತಿ, ಟ್ರಂಕ್ ಎಲ್ಲೈತಿ, ಎಲ್ಲಾ ಆಕಿ ಕಾಲಿಗೆ ಗೊತ್ತಿತ್ತು. ನಾ ಕೊಲ್ಹಾಪುರದಾಗ ಮೊದಲನೇ ವರ್ಷ ಮುಗಿಸಿ ಸೂಟಿಗೆ ತೇರದಾಳಕ್ಕ ಬಂದಿದ್ದೆ. ಭಾಳ ಕಲತೇನಿ ಅಂತ ಸೊಕ್ಕು. ಅವ್ವ ಬಸದಿಗೆ ಹೋದಾಗ ಸಾಮಾನೆಲ್ಲಾ ಎಳದು ಚಂದಂಗ ಜೋಡಿಸಿದೆ. ಅಣ್ಣಗ ತೋರಸೂಣು ಅಂತ ಅವನ್ನ ಕರಿಯಾಕ ಹೋದೆ. ಅಷ್ಟರಾಗ ಅವ್ವ ಬಂದ್ಲು. ಯಾವಾಗಿನ ಹಂಗ ಸರಸರ ಒಳಗ ನಡದ್ಲು. ಮಂಚಕ್ಕ ಎಡವಿ ಬಿದ್ಲು, ಟ್ರಂಕಿನ ಮೂಲಿ ತಲಿಗೆ ಬಡೀತು. ಮೂರನೇ ದಿನಕ್ಕ ಹೋದ್ಲು."

ಪದ್ಮಕ್ಕ ಸೀರೆಯ ಕೆಸರು ಝಾಡಿಸುತ್ತ ಎದ್ದರು. "ನಾ ಮಾಡಿದ ಮೊದಲನೇ ಇಂಟೀರಿಯರ್ ಅದ" ಎಂದರು.

ಬಸವರಾಜರ ಹೊಸ ಮನೆಯಲ್ಲಿ ಮೆಟ್ಟಿಲ ಕೆಳಗೆ ಚಪ್ಪಲಿ ಇಡುವ ಗೂಡು ಮಾಡುವುದೆಂದು ಮೊದಲು ಮಾತಾಗಿತ್ತು. ಪದ್ಮಕ್ಕ ಅದನ್ನು ಬಿಡಿಸಿ, ಅಲ್ಲಿ ಐದಡಿ ಅಗಲ ಆರಡಿ ಉದ್ದದ ಕೋಣೆ ಮಾಡಿಸಿದರು. ತಲೆ ಬಗ್ಗಿಸಿಯೇ ಹೋಗಬೇಕಾದ ಬಾಗಿಲು, ಮರದ ಅಗಳಿ, ಒಳಗೆ ಒಂದು ಮಣೆ. ಅಜ್ಜನ ಮಂಚವನ್ನು ಅಲ್ಲಿಂದ ಲೆಕ್ಕ ಹಿಡಿದು ಏಳು ಹೆಜ್ಜೆ ದೂರಕ್ಕೆ ಹಾಕಿಸಿದರು. ನಮ್ಮ ಬಡಿಗ ಮೌನೇಶ ಕೆಲಸ ಮುಗಿಸಿದ ದಿನ ಗಂಗವ್ವ ತಾನಾಗಿ ಒಂದು ತಂಬಿಗೆ ನೀರು ತಂದು ಮಣೆಯ ಪಕ್ಕ ಇಟ್ಟಳು. ಮಧ್ಯಾಹ್ನ ಅಜ್ಜ ಎದ್ದ. ಏಳು ಹೆಜ್ಜೆ, ಬಲಕ್ಕೆ ಹೊರಳಿ, ಅಗಳಿ ಸರಿಸಿದ. ಈ ಸಲ ಅಗಳಿ ನಿಜವಾಗಿ ಸರಿಯಿತು. ತಲೆ ಬಗ್ಗಿಸಿದ. ಒಳಗೆ ಕೂತು ತಂಬಿಗೆಯನ್ನು ಮುಂದಕ್ಕೆ ಸರಿಸಿ, "ತಗೋ" ಎಂದ. ಅಂದಿನಿಂದ ಅವನು ಎಲ್ಲಿಯೂ ಹಾಯಲಿಲ್ಲ.

ತಿಂಗಳಾದ ಮೇಲೆ ಗಂಗವ್ವ ಫೋನು ಮಾಡಿದಳು. "ಅಕ್ಕಾರ, ಮುಂಜಾನೆ ತುಂಬಿಟ್ಟ ತಂಬಿಗ್ಯಾಗ ಸಂಜೀಕ ಒಂದ ಗುಟುಕು ಕಡಿಮಿ ಇರ್ತೈತ್ರಿ."

"ಅಜ್ಜಾರು ಕುಡೀತಿರಬೇಕು" ಎಂದೆ ನಾನು.

"ಅವ್ರು ಮುಟ್ಟಂಗಿಲ್ರಿ. ನಾ ನಿಂತ ನೋಡೇನಿ."

ಪದ್ಮಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡು ಶಾಂತವಾಗಿ ಹೇಳಿದರು, "ದಿನಾ ಹೊಸಾ ನೀರ ಇಡ ಯವ್ವಾ. ಮರೀಬ್ಯಾಡ."

ಅದೇ ಮಳೆಗಾಲದಲ್ಲಿ ಪದ್ಮಕ್ಕ ಹೋದರು. ಒಂದು ಭಾನುವಾರ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ನಾನೂ ಮೌನೇಶನೂ ತೇರದಾಳಕ್ಕೆ ಓಡಿದೆವು. ದಿನಾ ಬಸ್ಸಿನಲ್ಲಿ ಜಮಖಂಡಿಗೆ ಬಂದು ಹೋಗುತ್ತಿದ್ದರೇ ಹೊರತು ಅವರು ನಮ್ಮನ್ನು ಒಂದು ದಿನವೂ ಮನೆಗೆ ಕರೆದಿರಲಿಲ್ಲ. "ನಮ್ಮ ಮನ್ಯಾಗ ನೋಡೂದೇನೈತಿ" ಎಂದು ಮಾತು ಹಾರಿಸುತ್ತಿದ್ದರು. ನೂರಾರು ಮನೆ ಸಿಂಗರಿಸಿದವರ ಮನೆ ಹೇಗಿರಬಹುದೆಂದು ನಾನು ಎಷ್ಟೋ ಸಲ ಊಹಿಸಿದ್ದುಂಟು.

ಒಳಗೆ ಅವರು ಮಾಡಿಸಿದ ಒಂದು ಸಾಮಾನೂ ಇರಲಿಲ್ಲ. ಹಳೆಯ ಕಬ್ಬಿಣದ ಮಂಚ, ಒಂದು ಟ್ರಂಕು, ಕಾಳಿನ ಡಬ್ಬಿಗಳ ಹಲಗೆ, ಬೀಸುವ ಕಲ್ಲು, ಒಂದು ಗಿಡ್ಡ ಮೇಜು. ಸಾಂಗ್ಲಿಯಿಂದ ಬಂದಿದ್ದ ಅವರ ಅಣ್ಣ, ಹೆಣ ಒಯ್ಯಲು ದಾರಿಯಾಗಲೆಂದು ಪಡಸಾಲೆಯ ಮಂಚ ಸರಿಸಲು ಇಬ್ಬರಿಗೆ ಹೇಳಿದ. ಅವರು ಎಳೆದರು. ಮಂಚ ಅಲುಗಲಿಲ್ಲ. ಟ್ರಂಕಿಗೆ ಕೈ ಹಾಕಿದರು. ಅದೂ ಅಲುಗಲಿಲ್ಲ. ಮೌನೇಶ ಬಗ್ಗಿ ನೋಡಿ ನನ್ನ ಕಡೆ ಮುಖ ಎತ್ತಿದ.

"ಎಲ್ಲಾಕ್ಕೂ ಕಾಲಿಗೆ ಬೋಲ್ಟ್ ಹೊಡದಾರ್ರಿ. ನೆಲದಾಗ ಸಿಮೆಂಟ್ ಹಾಕಿ ಕುಂದರಿಸ್ಯಾರ. ಪಾನಾ ತಂದು ಬಿಚ್ಚಲೇನ್ರಿ?"

"ಬ್ಯಾಡ" ಎಂದೆ. ಅಣ್ಣನೂ ಅದೇ ಹೊತ್ತಿಗೆ "ಬ್ಯಾಡ" ಎಂದ. ಅವು ಅವ್ವನ ಕಾಲಿಗೆ ಗೊತ್ತಿದ್ದ ಜಾಗಗಳು ಎಂದು ಅವನಿಗೂ ಆಗ ತಿಳಿಯಿತು. ಗೋಡೆಗೆ ಆನಿಕೊಂಡು ಬಾಯಿಗೆ ಟವೆಲ್ ಒತ್ತಿಕೊಂಡ.

ನಾನು ನೆಲ ನೋಡಿದೆ. ಹಾಸುಗಲ್ಲುಗಳ ಮೇಲೆ ಒಳಗಿನ ಕೋಣೆಯಿಂದ ಹೊಸ್ತಿಲವರೆಗೆ ಒಂದು ಸವೆದ ದಾರಿ ಹೊಳೆಯುತ್ತಿತ್ತು. ಒಂದು ಗೇಣಿಗಿಂತ ತುಸು ಅಗಲ. ಮಂಚದ ಎಡಕ್ಕೆ, ಟ್ರಂಕನ್ನು ಸುತ್ತಿ, ಬೀಸುವ ಕಲ್ಲಿನ ಬದಿಗೆ. ನಾನು ಆ ದಾರಿಯ ಮೇಲೆ ಕಾಲಿಟ್ಟು ಮುಂದೆ ನಡೆದೆ. ಹೊತ್ತವರಿಗೆ "ಇಲ್ಲಿ ಎಡಕ್ಕ, ಇನ್ನೆರಡು ಹೆಜ್ಜಿ, ಈಗ ಬಲಕ್ಕ" ಎಂದು ಹೇಳುತ್ತ ಹೋದೆ. ಅಷ್ಟು ಇಕ್ಕಟ್ಟಿನಲ್ಲಿ ಪದ್ಮಕ್ಕನ ಬಿದಿರಿನ ಚಟ್ಟ ಒಂದಕ್ಕೂ ತಾಗಲಿಲ್ಲ.

ಅಂಗಳಕ್ಕೆ ಇಳಿದ ಮೇಲೆ ತಿರುಗಿ ನೋಡಿದೆ. ಒಳಗೆ ಉಳಿದ ಹೆಂಗಸರು ಎರಡೂ ಬದಿಯ ಗೋಡೆಗಳಿಗೆ ಬೆನ್ನು ಒತ್ತಿಕೊಂಡು, ಸೆರಗು ಹಿಡಿದು ನಿಂತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ನಡುವಿನ ಆ ಸವೆದ ದಾರಿಯ ಮೇಲೆ ಒಬ್ಬರೂ ಕಾಲಿಟ್ಟಿರಲಿಲ್ಲ. ಯಾರೋ ಇನ್ನೂ ಹಾದು ಹೋಗುವುದಿದೆ ಎನ್ನುವ ಹಾಗೆ.